ಗುಟ್ಟು ಇರುವುದು ಕ್ರ್ಯಾಂಕ್‌ನಲ್ಲಿ: ಬಾಕ್ಸರ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆ

(ಬೆಳಗಾವಿಯಲ್ಲಿ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಮತ್ತು ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ಕೆಲಸ ಮಾಡುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪಿಸ್ಟನ್‌ಗಳ ಹಿಂದುಮುಂದಿನ ಓಟವನ್ನು ತಿರುಗಾಟವಾಗಿ ಬದಲಿಸುವ ಶಾಫ್ಟೇ ಕ್ರ್ಯಾಂಕ್‌ಶಾಫ್ಟ್ ಎಂದು ಈ ಊರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಉದ್ಯಮಬಾಗ, ಮಚ್ಚೆ ಕಡೆ ಹೋದರೆ ಒಂದು ಶೆಡ್ಡಿನಲ್ಲಿ ಎರಕ ಹೊಯ್ಯುತ್ತಿರುತ್ತಾರೆ, ಇನ್ನೊಂದರಲ್ಲಿ ಮಶಿನಿಂಗ್ ನಡೆದಿರುತ್ತದೆ. ನಿಮ್ಮಲ್ಲಿ ಕೆಲವರು ದಿನಾ ಕ್ರ್ಯಾಂಕ್ ಪಿನ್‌ಗೆ ಮೈಕ್ರೋಮೀಟರ್ ಹಿಡಿಯುವವರು. ಅದಕ್ಕೇ ನಾನು ಇವತ್ತಿನ ಮಾತನ್ನು ಸಿಲಿಂಡರಿನ ಕಡೆಯಿಂದ ಶುರು ಮಾಡುವುದಿಲ್ಲ, ಕ್ರ್ಯಾಂಕ್ ಕಡೆಯಿಂದ ಶುರು ಮಾಡುತ್ತೇನೆ.

ಬಾಕ್ಸರ್ ಎಂಜಿನ್ ಎಂದರೆ ಸಿಲಿಂಡರುಗಳು ಎಡಕ್ಕೂ ಬಲಕ್ಕೂ ಮಲಗಿರುವ ಎಂಜಿನ್ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮುಖ್ಯವಾದದ್ದು ಬಿಟ್ಟುಹೋಗುತ್ತದೆ. ಸಿಲಿಂಡರ್ ಮಲಗಿಸಿದ ಮಾತ್ರಕ್ಕೆ ಎಂಜಿನ್ ಬಾಕ್ಸರ್ ಆಗಿಬಿಡುವುದಿಲ್ಲ. ಎದುರುಬದುರಾಗಿ ಕುಳಿತ ಎರಡು ಪಿಸ್ಟನ್‌ಗಳಿಗೆ ಕ್ರ್ಯಾಂಕ್‌ನಲ್ಲಿ ಬೇರೆ ಬೇರೆ ಪಿನ್, ಅಂದರೆ ಪಿಸ್ಟನ್ನಿನ ರಾಡ್ ಹಿಡಿದುಕೊಳ್ಳುವ ಗೂಟ, ಇರಬೇಕು. ಆ ಎರಡು ಪಿನ್‌ಗಳು ಒಂದಕ್ಕೊಂದು ಸರಿಯಾಗಿ 180 ಡಿಗ್ರಿ ದೂರದಲ್ಲಿರಬೇಕು. ಇಷ್ಟಿದ್ದರೆ ಅದು ಬಾಕ್ಸರ್. ಈ ಎಂಜಿನ್ನಿನ ಒಳ್ಳೆಯ ಗುಣ, ತಾಪತ್ರಯ ಎರಡೂ ಬಹುಮಟ್ಟಿಗೆ ಇಲ್ಲಿಂದಲೇ ಹುಟ್ಟುತ್ತವೆ.

ಈಗ ಒಂದು ಕೆಲಸ ಮಾಡಿ. ಹಿಂದಿನ ಸಾಲಿನವರೂ ಮಾಡಬೇಕು. ಎರಡೂ ಕೈ ಎದೆಯ ಮುಂದೆ ತನ್ನಿ, ಮುಷ್ಟಿ ಎರಡೂ ಎದುರುಬದುರು ಇರಲಿ. ಎರಡನ್ನೂ ಒಟ್ಟಿಗೆ ಹೊರಗೆ ತಳ್ಳಿ, ಒಟ್ಟಿಗೆ ಒಳಗೆ ತನ್ನಿ. ಸ್ವಲ್ಪ ಜೋರಾಗಿ, ಬೇಗ ಬೇಗ. ಮೈ ಅಲುಗಾಡುತ್ತಿದೆಯಾ? ಇಲ್ಲ ಅಲ್ವಾ. ಈಗ ಎರಡೂ ಮುಷ್ಟಿಯನ್ನು ಒಟ್ಟಿಗೆ ಬಲಕ್ಕೆ ಒಯ್ಯಿರಿ, ಮತ್ತೆ ಒಟ್ಟಿಗೆ ಎಡಕ್ಕೆ. ಅಷ್ಟೇ ಜೋರಾಗಿ. ಈಗ ಕುರ್ಚಿಯೇ ಅಲುಗುತ್ತಿದೆ. ಮೊದಲು ಮಾಡಿದ್ದು ಬಾಕ್ಸರ್. ಆಮೇಲೆ ಮಾಡಿದ್ದು, ಸಿಲಿಂಡರ್ ಮಲಗಿದ್ದರೂ ಎರಡು ಪಿಸ್ಟನ್‌ಗೆ ಒಂದೇ ಪಿನ್ ಕೊಟ್ಟ ಎಂಜಿನ್. ಅದನ್ನು 180 ಡಿಗ್ರಿ ವಿ ಎಂಜಿನ್ ಎನ್ನುತ್ತಾರೆ.

ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ ಯಾಕೆ ನಡುಗುತ್ತದೆ ಎಂದು ತಿಳಿಯದೆ ಬಾಕ್ಸರ್‌ನ ಬೆಲೆ ತಿಳಿಯುವುದಿಲ್ಲ. ನಾವು ನೀವು ಓಡಿಸುವ ಬಹುಪಾಲು ಕಾರುಗಳಲ್ಲಿ ಮೂರೋ ನಾಲ್ಕೋ ಸಿಲಿಂಡರ್ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನಾಲ್ಕು ಸಿಲಿಂಡರಿನದನ್ನು ತೆಗೆದುಕೊಳ್ಳಿ. ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ. ಅಂದಮೇಲೆ ಲೆಕ್ಕ ಸರಿಹೋಯಿತಲ್ಲ ಎಂದು ಅನಿಸುತ್ತದೆ. ಸರಿಹೋಗಿಲ್ಲ. ಪಿಸ್ಟನ್ ನೇರವಾಗಿ ಓಡುತ್ತದೆ, ಆದರೆ ಅದನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಓರೆಯಾಗುತ್ತಾ ಹೋಗುತ್ತದೆ. ಆ ಓರೆಯೇ ಕಿತಾಪತಿ ಮಾಡುವುದು.

ಒಂದು ಲೆಕ್ಕ ಹಾಕೋಣ. ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವ ದೂರ, 80 ಮಿಲಿಮೀಟರ್ ಇರಲಿ, ಕನೆಕ್ಟಿಂಗ್ ರಾಡ್ ಉದ್ದ 140 ಮಿಲಿಮೀಟರ್ ಇರಲಿ. ಪಿಸ್ಟನ್ ತುತ್ತತುದಿಯಲ್ಲಿದೆ. ಕ್ರ್ಯಾಂಕ್ ಕಾಲು ಸುತ್ತು ತಿರುಗಿತು. ಪಿಸ್ಟನ್ ಎಷ್ಟು ಕೆಳಗೆ ಬಂದಿರುತ್ತದೆ? ಸ್ಟ್ರೋಕಿನ ಅರ್ಧ, 40 ಎಂದು ಹೇಳಬೇಡಿ. ಪೈಥಾಗರಸ್ ಹಾಕಿ ನೋಡಿ, ಸುಮಾರು 46 ಬರುತ್ತದೆ. ಮುಂದಿನ ಕಾಲು ಸುತ್ತಿನಲ್ಲಿ ಉಳಿದ 34 ಮಾತ್ರ. ಅಂದರೆ ಪಿಸ್ಟನ್ ಮೇಲಿನ ಭಾಗದಲ್ಲಿ ಜಾಸ್ತಿ ಅವಸರದಲ್ಲಿರುತ್ತದೆ, ಕೆಳಗಿನ ಭಾಗದಲ್ಲಿ ನಿಧಾನವಾಗುತ್ತದೆ. ಮೇಲಿಂದ ಹೊರಟ ಎರಡು ಪಿಸ್ಟನ್ 46 ಮಿಲಿಮೀಟರ್ ಇಳಿದಾಗ ಕೆಳಗಿಂದ ಹೊರಟ ಎರಡು ಏರಿದ್ದು 34 ಮಾತ್ರ. ಒಂದರ ಬಲ ಇನ್ನೊಂದರ ಬಲವನ್ನು ಪೂರ್ತಿ ಅಳಿಸುವುದಿಲ್ಲ. ಉಳಿದ ಬಲ ಪ್ರತಿ ಸುತ್ತಿಗೆ ಎರಡು ಸಲ ಎಂಜಿನ್ನನ್ನು ಮೇಲೆ ಕೆಳಗೆ ಕುಟ್ಟುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತು, ಓಡುತ್ತಿದ್ದರೆ ಸೆಕೆಂಡಿಗೆ 100 ಸಲ. ಇದಕ್ಕೆ ಸೆಕೆಂಡರಿ ಕಂಪನ ಎನ್ನುತ್ತಾರೆ. ದೊಡ್ಡ ಎಂಜಿನ್ನುಗಳಲ್ಲಿ ಇದನ್ನು ಅಡಗಿಸಲಿಕ್ಕೆ ಕ್ರ್ಯಾಂಕ್‌ಗಿಂತ ಎರಡು ಪಟ್ಟು ವೇಗದಲ್ಲಿ ತಿರುಗುವ ಎರಡು ಬ್ಯಾಲೆನ್ಸ್ ಶಾಫ್ಟ್ ಕೂರಿಸುತ್ತಾರೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕಂಡುಕೊಂಡ ಉಪಾಯ ಅದು.

ಈಗ ಬಾಕ್ಸರ್‌ಗೆ ಬನ್ನಿ. ಅದೇ ಅಳತೆ, ಅದೇ ರಾಡ್. ಬಲಗಡೆಯ ಪಿಸ್ಟನ್ ಕಾಲು ಸುತ್ತಿನಲ್ಲಿ 46 ಮಿಲಿಮೀಟರ್ ಒಳಗೆ ಬಂತು. ಎಡಗಡೆಯದು? ಅದೂ 46 ಮಿಲಿಮೀಟರ್ ಒಳಗೇ ಬಂತು. ಯಾವ ಗಳಿಗೆಯಲ್ಲಿ ನೋಡಿದರೂ ಎರಡರ ವೇಗ ಒಂದೇ, ದಿಕ್ಕು ಮಾತ್ರ ಎದುರು. ರಾಡ್ ಎಷ್ಟೇ ಓರೆಯಾಗಲಿ, ಎರಡೂ ಕಡೆ ಅಷ್ಟೇ ಓರೆ. ಬ್ಯಾಲೆನ್ಸ್ ಶಾಫ್ಟ್ ಹಾಕದೆ, ತೂಕ ಜೋಡಿಸದೆ, ಬರೀ ಜೋಡಣೆಯಿಂದಲೇ ಬಲಕ್ಕೆ ಬಲ ವಜಾ. ಈ ಲೆಕ್ಕ ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಆದರೆ ಒಂದು ಎಳೆ ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಎರಡು ಪಿಸ್ಟನ್‌ಗೆ ಬೇರೆ ಬೇರೆ ಪಿನ್ ಕೊಟ್ಟೆವು ಅಲ್ವಾ? ಅಂದಮೇಲೆ ಅವು ಒಂದೇ ಗೆರೆಯಲ್ಲಿ ಇರಲು ಸಾಧ್ಯವಿಲ್ಲ. ಒಂದು ಚೂರು ಮುಂದೆ, ಇನ್ನೊಂದು ಚೂರು ಹಿಂದೆ. ನಿಮ್ಮ ಮುಂದಿರುವ ನೋಟ್‌ಬುಕ್ಕನ್ನು ಎರಡು ಕಡೆಯಿಂದ ಒಂದೊಂದು ಬೆರಳಿನಿಂದ ಒತ್ತಿ. ಬೆರಳುಗಳು ನೇರ ಎದುರಿದ್ದರೆ ಪುಸ್ತಕ ಕದಲುವುದಿಲ್ಲ. ಒಂದು ಬೆರಳು ಮೇಲ್ತುದಿಯ ಹತ್ತಿರ, ಒಂದು ಕೆಳತುದಿಯ ಹತ್ತಿರ ಇಟ್ಟು ಒತ್ತಿದರೆ ಪುಸ್ತಕ ತಿರುಗುತ್ತದೆ. ಎರಡು ಸಿಲಿಂಡರಿನ ಬಾಕ್ಸರ್‌ನಲ್ಲಿ ಆಗುವುದು ಇದೇ. ಎಂಜಿನ್ ಕುಣಿಯುವುದಿಲ್ಲ, ಆದರೆ ಕ್ರ್ಯಾಂಕ್‌ನ ನಡುಮಧ್ಯದ ಸುತ್ತ ಚೂರು ಚೂರು ತಿರುಚಿಕೊಳ್ಳುತ್ತದೆ. ನಾಲ್ಕು ಸಿಲಿಂಡರ್ ಮಾಡಿದರೆ ಮುಂದಿನ ಜೋಡಿಯ ತಿರುಚುವಿಕೆಯಲ್ಲಿ ದೊಡ್ಡ ಪಾಲನ್ನು ಹಿಂದಿನ ಜೋಡಿ ಅಳಿಸುತ್ತದೆ. ಸೆಕೆಂಡರಿಯ ಸಣ್ಣ ಪಾಲು ಉಳಿಯುತ್ತದೆ. ಆರು ಸಿಲಿಂಡರ್ ಮಾಡಿ, ಮೂರು ಜೋಡಿಗಳನ್ನು 120 ಡಿಗ್ರಿ ಅಂತರದಲ್ಲಿ ಇಟ್ಟರೆ ಅದೂ ಅಳಿಸಿಹೋಗುತ್ತದೆ. ಪೋರ್ಷೆ 911 ಕಾರು 1960ರ ದಶಕದಿಂದ ಇವತ್ತಿನವರೆಗೂ ಆರು ಸಿಲಿಂಡರಿನ ಬಾಕ್ಸರನ್ನೇ ಹಿಡಿದುಕೊಂಡು ಬಂದಿರುವುದಕ್ಕೆ ಇದೂ ಒಂದು ಕಾರಣ.

ಪಿನ್‌ಗಳ ನಡುವಿನ ಆ ಅಂತರವನ್ನು ಎಷ್ಟು ಕಡಿಮೆ ಮಾಡುತ್ತೀರೋ ಅಷ್ಟು ಒಳ್ಳೆಯದು. ಅದಕ್ಕೇ ಬಾಕ್ಸರ್ ಕ್ರ್ಯಾಂಕ್‌ನ ವೆಬ್, ಅಂದರೆ ಪಿನ್‌ಗಳನ್ನು ಕೂಡಿಸುವ ತೋಳು, ತೆಳ್ಳಗಿರುತ್ತದೆ. ಸುಬಾರು ಕಂಪನಿಯ ನಾಲ್ಕು ಸಿಲಿಂಡರಿನ ಕ್ರ್ಯಾಂಕ್‌ನ ಫೋಟೋ ಸಿಕ್ಕರೆ ನೋಡಿ. ಸಾಲು ಎಂಜಿನ್ನಿನ ಕ್ರ್ಯಾಂಕ್ ಪಕ್ಕದಲ್ಲಿ ಇಟ್ಟರೆ ಗಿಡ್ಡಗೆ ಕಾಣುತ್ತದೆ. ಅಷ್ಟರಲ್ಲೇ ನಾಲ್ಕು ಪಿನ್, ಐದು ಮೇನ್ ಬೇರಿಂಗ್ ಹಿಡಿಸಬೇಕು. ಇಂಥ ತೆಳು ವೆಬ್ ಮುರಿಯದೆ ತಡೆಯಬೇಕಾದರೆ ಲೋಹ ಗಟ್ಟಿ ಇರಬೇಕು, ಪಿನ್ ಮೂಲೆಯ ದುಂಡು, ಅಂದರೆ ಫಿಲೆಟ್, ನುಣುಪಾಗಿರಬೇಕು. ಇದು ಎಂಥ ಕೆಲಸ ಎಂದು ನಿಮಗೆ ನಾನು ಹೇಳುವುದೇನಿದೆ.

ಈಗ ಬೆಂಕಿಯ ಮಾತು. ಎದುರುಬದುರಿನ ಎರಡು ಪಿಸ್ಟನ್ ಒಟ್ಟಿಗೆ ತುದಿ ಮುಟ್ಟುತ್ತವೆ, ಹಾಗಾದರೆ ಎರಡರಲ್ಲೂ ಒಟ್ಟಿಗೆ ಇಂಧನ ಉರಿಯುತ್ತದಾ? ಇಲ್ಲ. ಒಂದರಲ್ಲಿ ಉರಿಯುವಾಗ ಅದರ ಎದುರಿನದು ಹೊಗೆ ಹೊರಗೆ ಹಾಕಿ ಮುಗಿಸಿ ಹೊಸ ಗಾಳಿ ಎಳೆಯಲು ಶುರು ಮಾಡಿರುತ್ತದೆ. ಸುಬಾರುವಿನಲ್ಲಿ 1 ಮತ್ತು 3 ಬಲಗಡೆ, 2 ಮತ್ತು 4 ಎಡಗಡೆ. ಉರಿಯುವ ಕ್ರಮ 1-3-2-4. ಲೆಕ್ಕ ಹಾಕಿ: ಬಲ, ಬಲ, ಎಡ, ಎಡ. ಕ್ರ್ಯಾಂಕ್‌ಗೆ ಪ್ರತಿ ಅರ್ಧ ಸುತ್ತಿಗೆ ಒಂದು ಹೊಡೆತ ಸಮವಾಗಿ ಸಿಗುತ್ತದೆ. ಆದರೆ ಒಂದೊಂದು ಪಕ್ಕದಿಂದ ಹೊಗೆ ಎರಡೆರಡಾಗಿ ಬರುತ್ತದೆ. ಎರಡೂ ಪಕ್ಕದ ಎಕ್ಸಾಸ್ಟ್ ಪೈಪುಗಳು ಸೇರುವ ಜಾಗಕ್ಕೆ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇದ್ದರೆ ಶಬ್ದ ತಾಳ ತಪ್ಪಿ ಗುಡುಗುಡು ಎನ್ನುತ್ತದೆ. ಹಳೆಯ ಟರ್ಬೊ ಸುಬಾರುಗಳ ಹೆಸರಾಂತ ಸದ್ದು ಅದೇ. ಪೈಪಿನ ಉದ್ದ ಸಮ ಮಾಡಿದರೆ ಆ ಸದ್ದು ಹೋಗುತ್ತದೆ. ಹಾಗಾಗಿ ಅದು ಎಂಜಿನ್ನಿನ ಜಾತಿಯಿಂದ ಬಂದ ಸದ್ದು ಎನ್ನುವುದಕ್ಕಿಂತ ಪೈಪಿನಿಂದ ಬಂದದ್ದು ಎನ್ನುವುದೇ ಸರಿ.

ಫೆರಾರಿಯ ವಿಷಯ ಕೇಳಲಿಕ್ಕೆ ಕೆಲವರು ಕಾಯುತ್ತಿದ್ದೀರಿ ಎಂದು ಗೊತ್ತು. 1984ರಲ್ಲಿ ಬಂದ ಫೆರಾರಿ ಟೆಸ್ಟರೋಸಾದಲ್ಲಿ 12 ಸಿಲಿಂಡರ್ ಮಲಗಿವೆ. ನೋಡಲಿಕ್ಕೆ ಬಾಕ್ಸರ್. ಕ್ರ್ಯಾಂಕ್ ತೆಗೆದು ನೋಡಿದರೆ ಎದುರುಬದುರಿನ ಎರಡು ಪಿಸ್ಟನ್‌ಗೆ ಒಂದೇ ಪಿನ್. ಅಂದರೆ 180 ಡಿಗ್ರಿ ವಿ. 1970 ಮತ್ತು 1971ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಪೋರ್ಷೆ 917 ಕಾರಿನ ಎಂಜಿನ್ ಕೂಡ ಹಾಗೇ. ಅವರು ಬಾಕ್ಸರ್ ಯಾಕೆ ಬಿಟ್ಟರು? ಒಂದೊಂದು ಪಕ್ಕದಲ್ಲಿ ಆರು ಸಿಲಿಂಡರ್ ಸಾಲಾಗಿ ಇದ್ದರೆ ಆ ಆರೇ ತಮ್ಮೊಳಗೆ ಲೆಕ್ಕ ಪೂರ್ತಿ ಸರಿಮಾಡಿಕೊಳ್ಳುತ್ತವೆ. ಎದುರಿನವರ ಸಹಾಯ ಬೇಕಾಗಿಲ್ಲ. ಹನ್ನೆರಡು ಪಿನ್ ಇಟ್ಟರೆ ಕ್ರ್ಯಾಂಕ್ ಸುಮ್ನೆ ಉದ್ದವಾಗುತ್ತದೆ, ಭಾರವಾಗುತ್ತದೆ. ಆರು ಪಿನ್ ಸಾಕು. ತುಂಬ ಸರಿಯಾದ ನಿರ್ಧಾರ ಅದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಒಂದೇ ಸಿಲಿಂಡರಿನೊಳಗೆ ಎರಡು ಪಿಸ್ಟನ್ ಎದುರುಬದುರು ಬರುವ ಎಂಜಿನ್ ಇದೆ, ಅದರಲ್ಲಿ ಹೆಡ್ಡೇ ಇರುವುದಿಲ್ಲ. ನಮ್ಮ ಸೇನೆಯ ವಿಜಯಂತ ಟ್ಯಾಂಕಿನಲ್ಲಿದ್ದ ಲೇಲ್ಯಾಂಡ್ ಎಲ್60 ಆ ಜಾತಿಯದು. ಅದು ಬೇರೆಯೇ ಕುಟುಂಬ, ಇವತ್ತಿನ ಮಾತಿಗೆ ಸೇರುವುದಿಲ್ಲ.

ಈ ಜೋಡಣೆ ಹೊಸದೇನಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1896ರಲ್ಲೇ ಎರಡು ಸಿಲಿಂಡರಿನ ಇಂಥ ಎಂಜಿನ್ ರೂಪಿಸಿದರು. ಆದರೆ ನನಗೆ ಇಷ್ಟವಾದ ಕಥೆ ಬಿಎಂಡಬ್ಲ್ಯು ಬೈಕಿನದು. 1920ರ ಸುಮಾರಿಗೆ ಅವರ ಹತ್ತಿರ ಎರಡು ಸಿಲಿಂಡರಿನ ಒಂದು ಬಾಕ್ಸರ್ ಇತ್ತು. ಬೈಕಿನಲ್ಲಿ ಅದನ್ನು ಉದ್ದಕ್ಕೆ ಕೂರಿಸುತ್ತಿದ್ದರು. ಒಂದು ಸಿಲಿಂಡರ್ ಮುಂದಿನ ಚಕ್ರದ ಕಡೆ, ಇನ್ನೊಂದು ಹಿಂದಿನ ಚಕ್ರದ ಕಡೆ. ಮುಂದಿನದಕ್ಕೆ ಗಾಳಿ ಚೆನ್ನಾಗಿ ತಾಕುತ್ತಿತ್ತು. ಹಿಂದಿನದು ಮರೆಯಲ್ಲಿ ಉಳಿದು ಬಿಸಿಯಾಗುತ್ತಿತ್ತು. ಮ್ಯಾಕ್ಸ್ ಫ್ರಿಟ್ಜ್ ಎಂಬ ಎಂಜಿನಿಯರ್ ಮೊದಲು ವಿಮಾನದ ಎಂಜಿನ್ ಮಾಡುತ್ತಿದ್ದವರು. ಅವರು ಬೈಕಿಗೆ ಹೊಸ ಎಂಜಿನ್ ರೂಪಿಸುವಾಗ ಅದನ್ನು ಅಡ್ಡಕ್ಕೆ ತಿರುಗಿಸಿಬಿಟ್ಟರು. ಎರಡೂ ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಹೊರಗೆ ಚಾಚಿ ಗಾಳಿಗೆ ಬಿದ್ದವು. ಕ್ರ್ಯಾಂಕ್ ಬೈಕಿನ ಉದ್ದಕ್ಕೆ ಬಂದದ್ದರಿಂದ ಗೇರ್‌ಬಾಕ್ಸ್ ನೇರ ಅದರ ಹಿಂದೆ, ಅಲ್ಲಿಂದ ಒಂದು ಶಾಫ್ಟ್ ನೇರ ಹಿಂದಿನ ಚಕ್ರಕ್ಕೆ. ಚೈನ್ ಕೂಡ ಬೇಡವಾಯಿತು. 1923ರ ಆರ್32 ಎಂಬ ಬೈಕ್ ಅದು. 494 ಸಿಸಿ, ಎಂಟೂವರೆ ಹಾರ್ಸ್‌ಪವರ್. ಇವತ್ತು ನಮ್ಮ ಹೈವೇಗಳಲ್ಲಿ ಅಪರೂಪಕ್ಕೆ ಕಾಣುವ ಬಿಎಂಡಬ್ಲ್ಯು ಜಿಎಸ್ ಬೈಕುಗಳಲ್ಲಿ ಎರಡು ಪಕ್ಕಕ್ಕೆ ಚಾಚಿದ ಸಿಲಿಂಡರ್ ಇದ್ದರೆ, ಆ ಜೋಡಣೆ ಅಲ್ಲಿಂದ ಬಂದದ್ದು.

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೂ ಗಾಳಿಯೇ ಕಾರಣ. ನಾಲ್ಕು ಸಿಲಿಂಡರ್, ನೀರು ಇಲ್ಲ, ರೇಡಿಯೇಟರ್ ಇಲ್ಲ, ಒಂದು ದೊಡ್ಡ ಫ್ಯಾನ್. ಸಾಲು ಎಂಜಿನ್ನಿನಲ್ಲಿ ಮುಂದಿನ ಸಿಲಿಂಡರ್ ಹಿಂದಿನದರ ಗಾಳಿ ತಡೆಯುತ್ತದೆ. ಎರಡೆರಡಾಗಿ ಎದುರುಬದುರು ಮಲಗಿಸಿ ಮೇಲಿಂದ ಗಾಳಿ ಊದಿದರೆ ನಾಲ್ಕಕ್ಕೂ ಪಾಲು ಸಿಗುತ್ತದೆ. ಹಾಗಿದ್ದರೂ ಹಳೆಯ ಮಾದರಿಗಳಲ್ಲಿ ಮೂರನೇ ಸಿಲಿಂಡರ್ ಜಾಸ್ತಿ ಬಿಸಿಯಾಗುತ್ತಿತ್ತು. ಅದಕ್ಕೆ ಹೋಗುವ ಗಾಳಿಯ ದಾರಿಯಲ್ಲಿ ಆಯಿಲ್ ಕೂಲರ್ ಕೂತಿತ್ತು. 1970ರ ದಶಕದ ಆರಂಭದಲ್ಲಿ ಕೂಲರನ್ನು ಪಕ್ಕಕ್ಕೆ ಸರಿಸಿದ ಮೇಲೆ ಆ ತೊಂದರೆ ತಗ್ಗಿತು. ಇಂಥ ಬೀಟಲ್ ಕಾರುಗಳು 2003ರವರೆಗೆ ಎರಡು ಕೋಟಿ ಹದಿನೈದು ಲಕ್ಷದಷ್ಟು ತಯಾರಾದವು. ಬಾಕ್ಸರ್ ಶ್ರೀಮಂತರ ಎಂಜಿನ್ ಎಂದು ಯಾರಾದರೂ ಹೇಳಿದರೆ ಈ ಸಂಖ್ಯೆ ಹೇಳಿ.

ಇನ್ನು ನಮ್ಮ ಸಾಂಬ್ರಾ ಕಡೆಯ ಆಕಾಶ ನೋಡಿ. ಪೈಲಟ್ ತರಬೇತಿಯ ಚಿಕ್ಕ ವಿಮಾನಗಳು ಹಾರುತ್ತಿರುತ್ತವೆ. ಲೋಕದಲ್ಲಿ ಇಂಥ ಚಿಕ್ಕ ತರಬೇತಿ ವಿಮಾನಗಳಲ್ಲಿ ಬಹುಪಾಲಿಗೆ ಇರುವುದು ಇದೇ ಮಲಗಿದ ಎಂಜಿನ್. ಸೆಸ್ನಾ 172 ತೆಗೆದುಕೊಳ್ಳಿ. ಈಗಿನ ಮಾದರಿಯಲ್ಲಿರುವ ಲೈಕಮಿಂಗ್ ಎಂಜಿನ್ ನಾಲ್ಕು ಸಿಲಿಂಡರಿನದು, ಸುಮಾರು 5.9 ಲೀಟರ್, 180 ಹಾರ್ಸ್‌ಪವರ್, ಅದೂ 2700 ಆರ್‌ಪಿಎಂನಲ್ಲಿ. ಎಂಜಿನ್ ಚಪ್ಪಟೆ ಇದ್ದರೆ ಪೈಲಟ್‌ಗೆ ಮೂತಿಯ ಮೇಲಿಂದ ರನ್‌ವೇ ಕಾಣುತ್ತದೆ. ಸಿಲಿಂಡರುಗಳಿಗೆ ಪ್ರೊಪೆಲರ್ ಗಾಳಿ ನೇರ ಸಿಗುತ್ತದೆ. ಕ್ರ್ಯಾಂಕ್ ಗಿಡ್ಡವಾದ್ದರಿಂದ ತೂಕವೂ ಉಳಿಯುತ್ತದೆ. ಕಾರಿನವರು ಒಂದು ಎಂಜಿನ್ ಬಿಟ್ಟು ಇನ್ನೊಂದಕ್ಕೆ ಹೋದರೂ ವಿಮಾನದವರು ಇದನ್ನು ಬಿಟ್ಟಿಲ್ಲ.

ಇಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಇದು ಇಷ್ಟ ಚಲೋ ಇದ್ದರ ಎಲ್ಲಾರೂ ಯಾಕ ಮಾಡಂಗಿಲ್ಲ?"

ಚಲೋ ಪ್ರಶ್ನೆ. ಮೊದಲ ಕಾರಣ ದುಡ್ಡು. ನಾಲ್ಕು ಸಿಲಿಂಡರ್ ಸಾಲಾಗಿದ್ದರೆ ಒಂದು ಹೆಡ್, ಒಂದು ಹೆಡ್ ಗ್ಯಾಸ್ಕೆಟ್, ಎರಡು ಕ್ಯಾಮ್‌ಶಾಫ್ಟ್ ಸಾಕು. ಬಾಕ್ಸರ್‌ನಲ್ಲಿ ಹೆಡ್ ಎರಡು, ಗ್ಯಾಸ್ಕೆಟ್ ಎರಡು, ಕ್ಯಾಮ್ ನಾಲ್ಕು, ಟೈಮಿಂಗ್ ಚೈನೋ ಬೆಲ್ಟೋ ಎರಡೂ ಕಡೆ ಸುತ್ತಬೇಕು. ಮಶಿನಿಂಗ್ ಮಾಡುವ ಮೈಗಳೇ ಹೆಚ್ಚು. ನೀವು ಕೊಟೇಶನ್ ಹಾಕುವವರು, ಇದರ ಅರ್ಥ ನಿಮಗೆ ಗೊತ್ತು.

ಎರಡನೆಯದು ಅಗಲ. ಎತ್ತರ ಕಡಿಮೆಯಾದದ್ದು ಅಗಲದಲ್ಲಿ ಬಂದು ಕೂರುತ್ತದೆ. ಆ ಅಗಲಕ್ಕೆ ಎರಡು ಪಕ್ಕದ ಚಾಸಿ ಪಟ್ಟಿಗಳು ಅಡ್ಡ, ತಿರುಗುವ ಮುಂದಿನ ಚಕ್ರಗಳು ಅಡ್ಡ. ಹಾಗಾಗಿ ಸ್ಟ್ರೋಕ್ ಉದ್ದ ಮಾಡುವಂತಿಲ್ಲ, ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ದೊಡ್ಡದು ಮಾಡಬೇಕು. ಸುಬಾರುವಿನ ಬಹುಕಾಲ ನಡೆದ ಇಜೆ20 ಎಂಜಿನ್ನಿನಲ್ಲಿ ಬೋರ್ 92 ಮಿಲಿಮೀಟರ್, ಸ್ಟ್ರೋಕ್ 75 ಮಾತ್ರ. ಬೋರ್ ದೊಡ್ಡದಾಗಿ ಸ್ಟ್ರೋಕ್ ಗಿಡ್ಡವಾದರೆ ಎಂಜಿನ್ ಜಾಸ್ತಿ ಆರ್‌ಪಿಎಂ ತಾಳುತ್ತದೆ, ಆದರೆ ಉರಿ ಸಿಲಿಂಡರಿನ ಅಂಚು ಮುಟ್ಟಲು ಹೊತ್ತು ಬೇಕು. ಮೈಲೇಜಿಗೂ ಹೊಗೆಯ ಶುದ್ಧಿಗೂ ಅದು ಒಳ್ಳೆಯದಲ್ಲ. 2010ರಲ್ಲಿ ಅವರು ಎಫ್‌ಬಿ ಎಂಬ ಹೊಸ ಎಂಜಿನ್ ಮಾಡಿದಾಗ ಬೋರ್ 84ಕ್ಕೆ ಇಳಿಸಿ ಸ್ಟ್ರೋಕ್ 90ಕ್ಕೆ ಏರಿಸಿದರು. ಅಗಲ ಹೆಚ್ಚಿಸದೆ ಇದನ್ನು ಸಾಧಿಸಲಿಕ್ಕೆ ಮಾಡಿದ ಕೆಲಸಗಳಲ್ಲಿ ಒಂದು, ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯನ್ನು ನೇರ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದು. ಇಂಥ ಕಡೆ ನಿಜವಾದ ಎಂಜಿನಿಯರಿಂಗ್ ಕಾಣುತ್ತದೆ.

ಮೂರನೆಯದು ಸರ್ವಿಸ್. ಸ್ಪಾರ್ಕ್ ಪ್ಲಗ್ ಬೋನೆಟ್ ಎತ್ತಿದ ಕೂಡಲೇ ಕೈಗೆ ಸಿಗುವುದಿಲ್ಲ. ಅದು ಪಕ್ಕದಲ್ಲಿ, ಚಾಸಿಗೆ ಮುಖಮಾಡಿ ಕೂತಿರುತ್ತದೆ. ವಾಲ್ವ್ ಕವರ್ ಪಕ್ಕಕ್ಕೆ ಇರುವುದರಿಂದ ಅದರ ಕೆಳ ಅಂಚಿನಲ್ಲಿ ಆಯಿಲ್ ನಿಲ್ಲುತ್ತದೆ, ಗ್ಯಾಸ್ಕೆಟ್ ಹಳೆಯದಾದರೆ ಸೋರುತ್ತದೆ. ಹಳೆಯ ಬಿಎಂಡಬ್ಲ್ಯು ಬೈಕನ್ನು ಸೈಡ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಎಡ ಸಿಲಿಂಡರ್ ಕೆಳಗಾಗುತ್ತದೆ. ಆಯಿಲ್ ಚೂರು ಅಲ್ಲಿಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದಿಷ್ಟು ನೀಲಿ ಹೊಗೆ. ಅದನ್ನು ಕಂಡು ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚಬೇಡಿ.

ಇಷ್ಟೆಲ್ಲ ಇದ್ದರೂ ಸುಬಾರು 1966ರ ಸುಬಾರು 1000 ಕಾರಿನಿಂದ ಇದನ್ನು ಬಿಟ್ಟಿಲ್ಲ. ಭಾರ ಕೆಳಗಿದ್ದರೆ ತಿರುವಿನಲ್ಲಿ ಗಾಡಿ ಕಡಿಮೆ ವಾಲುತ್ತದೆ. ಚೋರ್ಲಾ ಘಾಟಿಯಲ್ಲಿ ಗೋವಾ ಕಡೆಗೆ ಇಳಿದವರಿಗೆ ಭಾರ ಎಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ಹೇಳಬೇಕಾಗಿಲ್ಲ. ಎಂಜಿನ್ ಎಡಬಲ ಸಮ ಇರುವುದರಿಂದ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಶಾಫ್ಟ್ ನೇರವಾಗಿ ಹಿಂದಕ್ಕೆ ಹೋಗುತ್ತದೆ. ನಮ್ಮ ದೇಶದಲ್ಲೂ ಅಂಥ ಒಂದು ಗಾಡಿ ಬಂದು ಹೋಗಿದೆ. 2000ದ ದಶಕದಲ್ಲಿ ಷೆವ್ರೊಲೆ ಫಾರೆಸ್ಟರ್ ಎಂದು ಮಾರಿದ್ದು ನಿಜವಾಗಿ ಸುಬಾರು ಫಾರೆಸ್ಟರ್. ಯಾರ ಹತ್ತಿರವಾದರೂ ಇನ್ನೂ ಇದ್ದರೆ ಒಮ್ಮೆ ಬೋನೆಟ್ ಎತ್ತಿ ನೋಡಿ. ಎಂಜಿನ್ ಎಲ್ಲಿ ಎಂದು ಒಂದು ಕ್ಷಣ ಹುಡುಕಬೇಕಾಗುತ್ತದೆ, ಅಷ್ಟು ಕೆಳಗೆ ಇರುತ್ತದೆ.

ಜೋಡಿಸುವ ಕೆಲಸವನ್ನು ಹೇಳದೆ ಹೋಗಲಾರೆ, ಇಲ್ಲಿ ಕೈಕೆಲಸದವರು ಇದ್ದೀರಿ. ಸಾಲು ಎಂಜಿನ್ನಿನಲ್ಲಿ ಬ್ಲಾಕ್ ಒಂದೇ ತುಂಡು. ಕ್ರ್ಯಾಂಕನ್ನು ಕೆಳಗಿನಿಂದ ಇಟ್ಟು ಕ್ಯಾಪ್ ಬಿಗಿಯುತ್ತೀರಿ, ಪಿಸ್ಟನ್ ಮೇಲಿನಿಂದ ಇಳಿಸುತ್ತೀರಿ. ಬಾಕ್ಸರ್‌ನಲ್ಲಿ ಬ್ಲಾಕ್ ಎಡ ಬಲ ಎರಡು ಹೋಳು. ಕ್ರ್ಯಾಂಕ್ ನಡುವೆ ಇಟ್ಟು ಎರಡೂ ಹೋಳು ಕೂಡಿಸಿ ಬೋಲ್ಟ್ ಬಿಗಿಯಬೇಕು. ಮೇನ್ ಬೇರಿಂಗ್‌ನ ಅರ್ಧ ಒಂದು ಹೋಳಿನಲ್ಲಿ, ಅರ್ಧ ಇನ್ನೊಂದರಲ್ಲಿ. ಎರಡೂ ಹೋಳನ್ನು ಕೂಡಿಸಿಯೇ ಲೈನ್ ಬೋರ್ ಮಾಡಬೇಕು, ಅಂದರೆ ಬೇರಿಂಗ್ ಕೂರುವ ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆಯಬೇಕು. ಆಮೇಲೆ ಒಂದು ಹೋಳನ್ನು ಬೇರೆ ಬ್ಲಾಕಿನ ಹೋಳಿನ ಜೊತೆ ಸೇರಿಸುವಂತಿಲ್ಲ. ಬ್ಲಾಕ್ ಮುಚ್ಚಿದ ಮೇಲೆ ಕನೆಕ್ಟಿಂಗ್ ರಾಡಿನ ಬೋಲ್ಟಿಗೆ ಸ್ಪ್ಯಾನರ್ ಹೋಗುವುದಿಲ್ಲ. ಹಾಗಾದರೆ ಪಿಸ್ಟನ್ ಹೇಗೆ ಹಾಕುತ್ತಾರೆ? ಸುಬಾರು ಇಜೆ ಎಂಜಿನ್ನಿನಲ್ಲಿ ರಾಡನ್ನು ಮೊದಲೇ ಕ್ರ್ಯಾಂಕ್‌ಗೆ ಕಟ್ಟಿರುತ್ತಾರೆ. ಆಮೇಲೆ ಪಿಸ್ಟನ್ ಹೊರಗಿನಿಂದ ತಳ್ಳಿ, ಬ್ಲಾಕಿನ ಪಕ್ಕದಲ್ಲಿ ಬಿಟ್ಟಿರುವ ತೂತಿನ ಮೂಲಕ ಪಿಸ್ಟನ್ ಪಿನ್ ತೂರಿಸುತ್ತಾರೆ. ಅದೇ ತೂತಿನಿಂದ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಕೂರಿಸಿ, ಕೊನೆಗೆ ತೂತಿಗೆ ಪ್ಲಗ್ ಹಾಕುತ್ತಾರೆ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಸರಿಯಾಗಿ ಕೂತಿತೋ ಇಲ್ಲವೋ ಕಣ್ಣಿಗೆ ಕಷ್ಟದಿಂದ ಕಾಣುತ್ತದೆ, ಬೆರಳಿಗೆ ತಿಳಿಯಬೇಕು.

ಕಡೆಯ ಪ್ರಶ್ನೆ ಗ್ರೈಂಡಿಂಗ್ ಕೆಲಸದ ಹಿರಿಯರೊಬ್ಬರದು. ಸಿಲಿಂಡರ್ ಮಲಗಿದ್ದರೆ ಪಿಸ್ಟನ್ ತೂಕವೆಲ್ಲ ಕೆಳಗಿನ ಗೋಡೆಯ ಮೇಲೆ ಬಿದ್ದು ಆ ಕಡೆಯೇ ಸವೆಯುವುದಿಲ್ಲವೇ ಎಂದರು. ಬಹಳ ಜನರಿಗೆ ಇರುವ ಅನುಮಾನ ಇದು.

ಮತ್ತೆ ಲೆಕ್ಕಕ್ಕೆ ಹೋಗೋಣ. ಪಿನ್ ಸಮೇತ ಪಿಸ್ಟನ್ ತೂಕ 400 ಗ್ರಾಂ ಎಂದಿಟ್ಟುಕೊಳ್ಳಿ. ಆಗ ಹೇಳಿದ ಅದೇ 80 ಮಿಲಿಮೀಟರ್ ಸ್ಟ್ರೋಕ್, 6000 ಆರ್‌ಪಿಎಂ. ತುದಿಯಲ್ಲಿ ಪಿಸ್ಟನ್ ತಿರುಗಿ ಹೊರಡುವಾಗ ಅದರ ಮೇಲಿನ ವೇಗೋತ್ಕರ್ಷ ಭೂಮಿಯ ಸೆಳೆತದ 2000 ಪಟ್ಟು. ಅಂದರೆ 400 ಗ್ರಾಂ ಪಿಸ್ಟನ್ ಆ ಗಳಿಗೆಯಲ್ಲಿ ರಾಡನ್ನು ಸುಮಾರು 800 ಕಿಲೋ ಭಾರದಂತೆ ಜಗ್ಗುತ್ತದೆ. ಉರಿದ ಗ್ಯಾಸ್ ತಳ್ಳುವ ಬಲ ಬೇರೆ. ರಾಡ್ ಓರೆಯಾದಾಗ ಈ ದೊಡ್ಡ ಬಲಗಳಲ್ಲಿ ಒಂದು ಪಾಲು ಪಿಸ್ಟನ್ನನ್ನು ಗೋಡೆಗೆ ಒತ್ತುತ್ತದೆ. ಅದರ ಮುಂದೆ 400 ಗ್ರಾಂ ಸ್ವಂತ ತೂಕ ಲೆಕ್ಕಕ್ಕೇ ಬರುವುದಿಲ್ಲ. ಸವೆತ ತರುವುದು ರಾಡಿನ ಓರೆ, ಗೋಡೆ ಮೇಲಿದೆಯೋ ಕೆಳಗಿದೆಯೋ ಎಂಬುದಲ್ಲ.

ಕ್ರ್ಯಾಂಕ್ ಒಂದೇ ದಿಕ್ಕಿನಲ್ಲಿ ತಿರುಗುತ್ತದೆ, ಆದರೆ ಸಿಲಿಂಡರುಗಳು ಎದುರುಬದುರು ಇವೆ. ಅದರಿಂದ ಉರಿಯುವ ಸ್ಟ್ರೋಕಿನಲ್ಲಿ ಒಂದು ಪಕ್ಕದ ಪಿಸ್ಟನ್‌ಗಳು ಕೆಳಗಿನ ಗೋಡೆಗೆ ಒತ್ತಿದರೆ ಇನ್ನೊಂದು ಪಕ್ಕದವು ಮೇಲಿನ ಗೋಡೆಗೆ ಒತ್ತುತ್ತವೆ. ಹಾಗಾಗಿ ಹಳೆಯ ಬಾಕ್ಸರ್ ಬ್ಲಾಕ್ ನಿಮ್ಮ ಟೇಬಲ್ಲಿಗೆ ಬಂದರೆ ಎರಡೂ ಹೋಳಿಗೆ ಬೋರ್ ಗೇಜ್ ಹಾಕಿ, ಮೇಲೆ ಕೆಳಗಿನ ದಿಕ್ಕಿನಲ್ಲೂ ಅಳೆಯಿರಿ, ಕ್ರ್ಯಾಂಕ್‌ನ ಉದ್ದದ ದಿಕ್ಕಿನಲ್ಲೂ ಅಳೆಯಿರಿ. ಆಮೇಲೆ ಗೋಡೆಯ ಗುರುತು ನೋಡಿ: ಒಂದು ಹೋಳಿನಲ್ಲಿ ಹೊಳಪು ಕೆಳಗೆ ಇದ್ದರೆ ಇನ್ನೊಂದರಲ್ಲಿ ಮೇಲೆ ಹುಡುಕಬೇಕು.